ಮರ ಆಫೀಸಿನಲ್ಲಿ, ದಿಮ್ಮಿ ವರ್ಕ್‌ಶಾಪಿನಲ್ಲಿ

ಎಂ8 ಎಂದರೆ ಏನೆಂದು ಯಂತ್ರದ ಮುಂದೆ ನಿಲ್ಲುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಟು ಮಿಲಿಮೀಟರಿನ ಬೋಲ್ಟು, 1.25 ಪಿಚ್, ಮೊದಲು 6.8ರ ಡ್ರಿಲ್, ಆಮೇಲೆ ಟ್ಯಾಪ್. ಪುಣೆಯ ಭೋಸರಿಯಲ್ಲೋ ಚೆನ್ನೈನ ಅಂಬತ್ತೂರಿನಲ್ಲೋ ಹೈದರಾಬಾದಿನ ಬಾಲಾನಗರದಲ್ಲೋ ಎರಡು ವಿಎಂಸಿ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಯಾರನ್ನೇ ನಡುರಾತ್ರಿ ಎಬ್ಬಿಸಿ ಕೇಳಿದರೂ ಇಷ್ಟನ್ನು ಹೇಳುತ್ತಾರೆ. ಭಾಗವನ್ನು ಕಂಪ್ಯೂಟರಿನಲ್ಲಿ ರೂಪಿಸಿದ ಡಿಸೈನರ್‌ಗೂ ಇದು ಗೊತ್ತು. ‘ಹೋಲ್’ ಎಂಬ ಬಟನ್ ಒತ್ತಿ, ಪಟ್ಟಿಯಿಂದ ಎಂ8 ಆರಿಸಿ, ಆಳ 20 ಎಂದು ತುಂಬಿದ್ದು ಅವರೇ. ತಂತ್ರಾಂಶಕ್ಕೂ ಗೊತ್ತು, ಪರದೆಯ ಎಡಗಡೆಯ ಪಟ್ಟಿಯಲ್ಲಿ ‘ಎಂ8 ಟ್ಯಾಪ್ಡ್ ಹೋಲ್’ ಎಂದು ಅದು ಬರೆದುಕೊಂಡಿದೆ.

ಅದೇ ಭಾಗ ಸ್ಟೆಪ್ ಫೈಲಾಗಿ ಈಮೇಲಿನಲ್ಲಿ ವರ್ಕ್‌ಶಾಪಿಗೆ ಬಂದಾಗ ಅದರಲ್ಲಿ ಎಂ8 ಇರುವುದಿಲ್ಲ. 6.8 ಮಿಲಿಮೀಟರ್ ವ್ಯಾಸದ ಒಂದು ಕೊಳವೆಯಾಕಾರದ ಮೇಲ್ಮೈ ಇರುತ್ತದೆ, ಅಷ್ಟೆ. ತಂತ್ರಾಂಶ ಬೇರೆಯಾದರೆ, ಅಥವಾ ಸೆಟ್ಟಿಂಗ್ ಬೇರೆಯಾದರೆ, ಅದು 6.647 ಆಗಿರಬಹುದು, 8 ಕೂಡ ಆಗಿರಬಹುದು. ಅದು ಬೋಲ್ಟ್ ಕೂರುವ ತೂತೋ, ಡೋವೆಲ್ ಪಿನ್ ಬಿಗಿಯುವ ತೂತೋ, ಎಣ್ಣೆ ಹರಿಯುವ ದಾರಿಯೋ ಎಂದು ಫೈಲನ್ನು ಎಷ್ಟು ತಿರುಗಿಸಿ ನೋಡಿದರೂ ತಿಳಿಯುವುದಿಲ್ಲ.

ಕಳಿಸಿದವರಿಗೂ ಗೊತ್ತಿದ್ದ, ಪಡೆದವರಿಗೂ ಅರ್ಥವಾಗುತ್ತಿದ್ದ ಸಂಗತಿ ನಡುದಾರಿಯಲ್ಲಿ ಮಾಯವಾಗುವುದು ಆಕಸ್ಮಿಕವಲ್ಲ. ‘ಫೀಚರ್ ಆಧಾರಿತ ವಿನ್ಯಾಸ’ ಎಂಬ ಹೆಸರಿನಲ್ಲಿ ಮೂವತ್ತೈದು ವರ್ಷಗಳಿಗೂ ಮೇಲ್ಪಟ್ಟು ಮಾರಾಟವಾಗುತ್ತಿರುವ ಸರಕಿನ ಸ್ವಭಾವವೇ ಅದು. ಭಾಗದ ಹಿಂದಿನ ಆಲೋಚನೆಯನ್ನು ಹಿಡಿದಿಡುತ್ತೇವೆ ಎಂದು ಮಾತು ಕೊಟ್ಟವರು, ಆ ಆಲೋಚನೆಯನ್ನು ಡಿಸೈನ್ ಆಫೀಸಿನ ಬಾಗಿಲು ದಾಟಲು ಬಿಡಲಿಲ್ಲ. ಬಾಗಿಲಾಚೆ ನಿಂತವರು ಅದಕ್ಕೆ ಇವತ್ತಿಗೂ ಕೈಯಿಂದ ದುಡ್ಡು ತೆರುತ್ತಿದ್ದಾರೆ.

ಮೆಚ್ಚಬೇಕಾದದ್ದನ್ನು ಮೊದಲು ಮೆಚ್ಚಿಬಿಡಬೇಕು. ಗೆರೆಗಳ ನಡುವೆ ಸಂಬಂಧ ಕಟ್ಟಬಹುದು, ಇದು ಅದಕ್ಕೆ ಸಮಾನಾಂತರವಾಗಿರಲಿ ಎಂದು ಕಂಪ್ಯೂಟರಿಗೆ ಹೇಳಬಹುದು ಎಂಬುದನ್ನು ಐವಾನ್ ಸದರ್‌ಲ್ಯಾಂಡ್ 1963ರಲ್ಲೇ ತಮ್ಮ ಸ್ಕೆಚ್‌ಪ್ಯಾಡ್‌ನಲ್ಲಿ ತೋರಿಸಿದ್ದರು. ಅದನ್ನು ಕಾರ್ಖಾನೆಯ ಭಾಗಗಳಿಗೆ ಒಗ್ಗಿಸಿದ್ದು ಸೋವಿಯತ್ ಒಕ್ಕೂಟದಿಂದ ಅಮೆರಿಕಕ್ಕೆ ವಲಸೆ ಬಂದ ಗಣಿತಜ್ಞ ಸ್ಯಾಮ್ಯುಯೆಲ್ ಗೈಸ್‌ಬರ್ಗ್. ಅವರು 1985ರಲ್ಲಿ ಕಟ್ಟಿದ ಪ್ಯಾರಾಮೆಟ್ರಿಕ್ ಟೆಕ್ನಾಲಜಿ ಕಾರ್ಪೊರೇಶನ್‌ನ ಪ್ರೊ ಎಂಜಿನಿಯರ್ 1988ರ ಹೊತ್ತಿಗೆ ಮಾರುಕಟ್ಟೆಯಲ್ಲಿತ್ತು. ಅಲ್ಲಿಯವರೆಗೆ ಘನಾಕೃತಿ ಎಂದರೆ ಒಮ್ಮೆ ಮಾಡಿದ ಮೇಲೆ ಮುಗಿಯಿತು. ಅಗಲ ಹೆಚ್ಚಿಸಬೇಕೆಂದರೆ ಬಹುಪಾಲು ಮತ್ತೆ ಮಾಡಬೇಕು. ಪ್ರೊ ಎಂಜಿನಿಯರ್‌ನಲ್ಲಿ ಪ್ರತಿ ಹೆಜ್ಜೆಗೂ ಹೆಸರಿತ್ತು. ದಪ್ಪ ಕೊಡು, ತೂತು ಹಾಕು, ಅಂಚು ದುಂಡಾಗಿಸು, ಪಕ್ಕೆ ಸೇರಿಸು, ಈ ಒಂದೊಂದೂ ಒಂದು ಫೀಚರ್. ಅವು ಒಂದರ ಕೆಳಗೊಂದು ಮರದಂತೆ ಜೋಡಣೆಯಾಗುತ್ತಿದ್ದವು. ಬೇರಿನಲ್ಲಿ ಒಂದು ಅಳತೆ ಬದಲಿಸಿದರೆ ಕೊಂಬೆಗಳೆಲ್ಲ ತಾವಾಗಿ ಸರಿದುಕೊಳ್ಳುತ್ತಿದ್ದವು. 1995ರಲ್ಲಿ ಸಾಲಿಡ್‌ವರ್ಕ್ಸ್ ಇದನ್ನೇ ವಿಂಡೋಸ್ ಕಂಪ್ಯೂಟರಿಗೆ, ಕಡಿಮೆ ಬೆಲೆಗೆ ತಂದಿತು. ಡ್ರಾಯಿಂಗ್ ಬೋರ್ಡಿನ ಮೇಲೆ ಬ್ಲೇಡಿನಿಂದ ಗೆರೆ ಕೆರೆದು ತಿದ್ದುತ್ತಿದ್ದ ತಲೆಮಾರಿಗೆ ಇದು ಬಿಡುಗಡೆಯೇ ಆಗಿತ್ತು. ಇದನ್ನು ಅಲ್ಲಗಳೆಯುವವರು ಆ ಬ್ಲೇಡನ್ನು ಹಿಡಿದವರಲ್ಲ.

ತಕರಾರು ಇರುವುದು ‘ಫೀಚರ್’ ಎಂಬ ಹೆಸರಿನ ಮೇಲೆ. ವರ್ಕ್‌ಶಾಪಿನಲ್ಲಿ ಈ ಪದಕ್ಕೆ ಒಂದು ಅರ್ಥವಿದೆ. ಟೂಲ್ ಒಂದು, ದಿಕ್ಕು ಒಂದು, ಜಾಬನ್ನು ಹಿಡಿದ ಬಗೆ ಒಂದು. ಆ ಹಿಡಿತದಲ್ಲಿ ಆ ಟೂಲು ಮಾಡಬಲ್ಲ ಆಕಾರವೇ ಫೀಚರ್. ತಂತ್ರಾಂಶದಲ್ಲಿ ಫೀಚರ್ ಎಂದರೆ ಡಿಸೈನರ್ ಒತ್ತಿದ ಬಟನ್. ಎರಡಕ್ಕೂ ಒಂದೇ ಹೆಸರಿರುವುದರಿಂದ ಎರಡೂ ಒಂದೇ ಎಂಬ ಭ್ರಮೆ ಹುಟ್ಟಿದೆ.

ಒಂದು ಅಲ್ಯೂಮಿನಿಯಂ ಭಾಗವನ್ನು ತೆಗೆದುಕೊಳ್ಳಿ. ನೂರು ಮಿಲಿಮೀಟರ್ ಉದ್ದ, ಅರವತ್ತು ಅಗಲ, ಹತ್ತು ದಪ್ಪದ ತಟ್ಟೆ. ಅದರ ನಡುವೆ ಎರಡು ಮಿಲಿಮೀಟರ್ ದಪ್ಪದ, ಮೂವತ್ತು ಎತ್ತರದ ಒಂದು ಪಕ್ಕೆ. ಡಿಸೈನರ್‌ನ ಮರದಲ್ಲಿ ಎರಡೇ ಫೀಚರ್: ತಟ್ಟೆ, ಪಕ್ಕೆ. ಎರಡೂ ಸೇರಿಸುವ ಕೆಲಸ. ವಿಎಂಸಿಯ ಮುಂದೆ ನಿಂತವನಿಗೆ ಸೇರಿಸುವುದೆಂಬುದೇ ಇಲ್ಲ. ಅವನು ತೆಗೆಯುವುದನ್ನು ಮಾತ್ರ ಬಲ್ಲ. ಅವನು ನಲವತ್ತು ದಪ್ಪಕ್ಕೂ ಮೇಲಿನ ದಿಮ್ಮಿ ತರಿಸಿ, ಎಡಕ್ಕೊಂದು ಬಲಕ್ಕೊಂದು ಹಳ್ಳ ತೆಗೆಯಬೇಕು. ಪಕ್ಕೆಯನ್ನು ಅವನು ಮಾಡುವುದೇ ಇಲ್ಲ. ಎರಡು ಹಳ್ಳಗಳ ನಡುವೆ ಅದು ಉಳಿದುಕೊಳ್ಳುತ್ತದೆ. ಅದೂ ಸಲೀಸಾಗಿ ಉಳಿಯುವುದಿಲ್ಲ. ದಪ್ಪದ ಹದಿನೈದು ಪಟ್ಟು ಎತ್ತರ ನಿಂತ ತಗಡು ಕಟರ್ ತಾಗಿದೊಡನೆ ನಡುಗುತ್ತದೆ, ಮೈ ಮೇಲೆ ಅಲೆಯೆದ್ದಂತೆ ಗುರುತು ಮೂಡುತ್ತದೆ. ಅದಕ್ಕೇ ಅವನು ಎಡದಲ್ಲಿ ಸ್ವಲ್ಪ, ಬಲದಲ್ಲಿ ಸ್ವಲ್ಪ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾನೆ. ಈಗ ಆಫೀಸಿನಲ್ಲಿ ಯಾರೋ ಆ ಮೂವತ್ತರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ನಲವತ್ತು ಎಂದು ಬರೆಯುತ್ತಾರೆ. ಮರ ಒಂದು ಕ್ಷಣದಲ್ಲಿ ಹೊಸದಾಗಿ ಚಿಗುರುತ್ತದೆ, ಎಲ್ಲ ಹಸಿರು. ಇತ್ತ ವರ್ಕ್‌ಶಾಪಿನಲ್ಲಿ ದಿಮ್ಮಿಯ ದಪ್ಪ, ಕಟರಿನ ಉದ್ದ, ಯಂತ್ರದ ಗಂಟೆಗಳು, ಕೊಟ್ಟಿದ್ದ ಕೋಟೇಶನ್, ಎಲ್ಲವೂ ಬುಡಮೇಲು.

ಅದೇ ಭಾಗ ಬೆಳಗಾವಿಯ ಉದ್ಯಮಬಾಗಿನ ಎರಕದ ಮನೆಗೆ ಹೋದರೆ ಕಥೆ ಮತ್ತೆ ಬೇರೆ. ಅಲ್ಲಿ ಪಕ್ಕೆ ಎಂದರೆ ಅಚ್ಚಿನ ಮರಳಿನೊಳಗಿನ ಒಂದು ಸೀಳು. ಪ್ಯಾಟರ್ನ್ ಮೇಲೆತ್ತುವಾಗ ಮರಳು ಕುಸಿಯದಿರಲು ಅದಕ್ಕೆ ಇಳಿಜಾರು ಬೇಕು, ಬುಡದಲ್ಲಿ ದುಂಡಗಿನ ತಿರುವು ಬೇಕು. ಎರಡು ಮಿಲಿಮೀಟರ್ ದಪ್ಪ ಎಂದರೆ ಎರಕದವರು ನಕ್ಕುಬಿಟ್ಟಾರು. ಲೋಹ ತುದಿ ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ. ಆಕಾರ ಒಂದೇ, ಫೀಚರ್ ಮೂರು. ಅಂದರೆ ಫೀಚರ್ ಎಂಬುದು ಆಕಾರದೊಳಗೆ ಕೂತಿಲ್ಲ, ಮಾಡುವ ಬಗೆಯಲ್ಲಿ ಕೂತಿದೆ. ಒಂದು ತಂತ್ರಾಂಶ ತನ್ನನ್ನು ಫೀಚರ್ ಆಧಾರಿತ ಎಂದು ಕರೆದುಕೊಂಡರೆ ಕೇಳಬೇಕಾದ ಮೊದಲ ಪ್ರಶ್ನೆ: ಯಾರ ಫೀಚರ್?

ಈ ಪ್ರಶ್ನೆ ಹೊಸದಲ್ಲ. ಬಲ್ಲವರು ಬಹಳ ಹಿಂದೆಯೇ ಕೇಳಿದ್ದರು. 1980ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗದಲ್ಲಿ ಡಿಸೈನರ್ ಒಂದು ದಿಮ್ಮಿಯಿಂದಲೇ ಶುರುಮಾಡಬೇಕಿತ್ತು. ತೆಗೆಯುವ ಆಜ್ಞೆಗಳನ್ನಷ್ಟೇ ಕೊಡಬಹುದಿತ್ತು. ಜಾಮಿ ಶಾ ಮತ್ತು ಮಾರ್ಟಿ ಮಾಂಟುಲಾ 1995ರಲ್ಲಿ ಈ ವಿಷಯದ ಮೇಲೆ ಪಠ್ಯಗ್ರಂಥವನ್ನೇ ಬರೆದರು. ಸ್ಟೆಪ್ ಎಂದು ಎಲ್ಲರೂ ಕರೆಯುವ ಐಎಸ್‌ಒ 10303 ಮಾನದಂಡದ ಕುಟುಂಬದಲ್ಲಿ ಎಪಿ224 ಎಂಬ ಒಂದು ಭಾಗವೇ ಇದೆ. ಯಂತ್ರಗೆಲಸದ ತೂತು, ಹಳ್ಳ, ಗಾಡಿ, ಥ್ರೆಡ್ ಇವನ್ನು ಅವುಗಳ ಹೆಸರಿನಿಂದಲೇ ಕಳಿಸಲು ಮಾಡಿದ್ದು ಅದು. ಅಂದರೆ ಭಾಷೆ ಇತ್ತು, ವ್ಯಾಕರಣವೂ ಇತ್ತು. ಮಾರುಕಟ್ಟೆಯ ದೊಡ್ಡ ತಂತ್ರಾಂಶಗಳಲ್ಲಿ ಅದಕ್ಕೆ ಜಾಗ ಮಾತ್ರ ಸಿಗಲಿಲ್ಲ. ಕಾರಣ ಸರಳ. ಲೈಸೆನ್ಸಿಗೆ ಹಣ ಕಟ್ಟುವವರು ಡಿಸೈನ್ ವಿಭಾಗದ ಮುಖ್ಯಸ್ಥರು. ಭೋಸರಿಯ ಶೆಡ್ಡಿನ ಮಾಲೀಕ ಆ ಡೆಮೊ ನಡೆಯುವ ಕೋಣೆಯಲ್ಲಿ ಇರುವುದಿಲ್ಲ. ಅಳತೆ ಬದಲಿಸಿದರೆ ಆಕಾರ ಕುಣಿಯುವುದನ್ನು ತೋರಿಸಿದರೆ ಸಾಕು, ಚೆಕ್ ಬರುತ್ತದೆ. ಎಂ8 ಎಂಬ ಮಾಹಿತಿ ಬೇರೆ ಊರಿನ ಇನ್ಯಾರದೋ ಯಂತ್ರ ತಲುಪಿತೇ ಎಂದು ಯಾರೂ ಡೆಮೊದಲ್ಲಿ ಕೇಳುವುದಿಲ್ಲ.

ಹೊರಗೆ ಎಸೆದದ್ದನ್ನು ಮತ್ತೆ ಹುಡುಕಿಕೊಡುವುದು ಇನ್ನೊಂದು ವ್ಯಾಪಾರವಾಯಿತು. ಆಕಾರವನ್ನಷ್ಟೇ ನೋಡಿ ‘ಇದು ತೂತು, ಇದು ಹಳ್ಳ’ ಎಂದು ಕಂಪ್ಯೂಟರೇ ಗುರುತಿಸುವ ಕೆಲಸಕ್ಕೆ ಫೀಚರ್ ರೆಕಗ್ನಿಶನ್ ಎಂದು ಹೆಸರು. ಕೇಂಬ್ರಿಜ್‌ನಲ್ಲಿ ಕೈಪ್ರಿಯಾನು ಎಂಬ ಸಂಶೋಧಕರು 1980ರ ತಮ್ಮ ಪ್ರಬಂಧದಲ್ಲಿ ಅದಕ್ಕೆ ದಾರಿ ಹಾಕಿಕೊಟ್ಟರು. ನಲವತ್ತು ವರ್ಷಕ್ಕೂ ಮಿಗಿಲಾದ ಆ ಕಸರತ್ತಿನಲ್ಲಿ ಭಾರತೀಯರ ಕೈ ದೊಡ್ಡದು. ಸಾಲಿಡ್‌ವರ್ಕ್ಸ್‌ನೊಳಗಿನ ಫೀಚರ್‌ವರ್ಕ್ಸ್ ಅನ್ನು ಬರೆದದ್ದು ಮುಂಬಯಿಯ ಜಿಯೊಮೆಟ್ರಿಕ್ ಕಂಪನಿ; ಯಂತ್ರದ ಪ್ರೋಗ್ರಾಮ್ ತಯಾರಿಸುವ ಕ್ಯಾಮ್‌ವರ್ಕ್ಸ್ ಕೂಡ ಅವರದೇ, ಆಮೇಲೆ ಅದು ಎಚ್‌ಸಿಎಲ್ ಕೈಸೇರಿತು. ಆ ಎಂಜಿನಿಯರುಗಳ ಜಾಣ್ಮೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅವರಿಗೆ ಒಪ್ಪಿಸಿದ ಕೆಲಸ ಎಂಥದು? ಉಪ್ಪಿಟ್ಟಿನಿಂದ ರವೆಯನ್ನು ವಾಪಸು ತೆಗೆಯುವಂಥದು. ರವೆಯ ಡಬ್ಬ ಪಕ್ಕದ ಕೋಣೆಯಲ್ಲಿ, ಬೀಗದೊಳಗೆ, ಹಾಗೇ ಇದೆ.

ಒಂಟಿಯಾಗಿ ನಿಂತ ತೂತುಗಳನ್ನು ಈ ತಂತ್ರಾಂಶಗಳು ಚೆನ್ನಾಗಿಯೇ ಹಿಡಿಯುತ್ತವೆ. ಎರಡು ಹಳ್ಳಗಳು ಒಂದನ್ನೊಂದು ಹಾದುಹೋದರೆ ಉತ್ತರ ಒಂದಕ್ಕಿಂತ ಹೆಚ್ಚಾಗುತ್ತದೆ, ಮತ್ತೆ ಮನುಷ್ಯನೇ ಕೂತು ಆರಿಸಬೇಕು. ಇನ್ನು ಆಕಾರದಲ್ಲಿ ಇಲ್ಲದೇ ಇರುವುದನ್ನು ಯಾವ ಜಾಣ ತಂತ್ರಾಂಶವೂ ಗುರುತಿಸಲಾರದು. 6204 ಬೇರಿಂಗನ್ನೇ ನೋಡಿ. ಸ್ಕೂಟರಿನಿಂದ ಹಿಡಿದು ನೀರೆತ್ತುವ ಮೋಟಾರಿನವರೆಗೆ ಎಲ್ಲೆಲ್ಲೂ ಇರುವಂಥದು. ಹೊರ ವ್ಯಾಸ 47 ಮಿಲಿಮೀಟರ್. ಅದು ಕೂರುವ ಗೂಡಿಗೆ 47 ಎಚ್7 ಎಂದು ಹೇಳಿದರೆ, ಬೋರು 47.000ದಿಂದ 47.025ರ ಒಳಗಿರಬೇಕು. ಇಪ್ಪತ್ತೈದು ಮೈಕ್ರಾನ್, ತಲೆಗೂದಲಿಗಿಂತ ತೆಳು. ಪಕ್ಕದಲ್ಲೇ 47 ವ್ಯಾಸದ ಇನ್ನೊಂದು ತೂತು ಬರೀ ವೈರ್ ಹಾಯಲು ಇದ್ದರೆ ಅದಕ್ಕೆ ಅರ್ಧ ಮಿಲಿಮೀಟರ್ ಆಚೀಚೆ ಆದರೂ ನಡೆಯುತ್ತದೆ. ಮೊದಲನೆಯದಕ್ಕೆ ಬೋರಿಂಗ್ ಬಾರ್, ಬೋರ್ ಗೇಜ್, ತಾಳ್ಮೆ. ಎರಡನೆಯದಕ್ಕೆ ಕಟರ್ ಒಂದು ಸುತ್ತು ತಿರುಗಿದರೆ ಆಯಿತು. ಖರ್ಚಿನಲ್ಲಿ ಹಲವು ಪಟ್ಟು ವ್ಯತ್ಯಾಸ. ಸ್ಟೆಪ್ ಫೈಲಿನಲ್ಲಿ ಎರಡೂ ಅವಳಿಗಳು: 47, 47.

ಅದಕ್ಕೇ ಪಿಡಿಎಫ್ ಡ್ರಾಯಿಂಗ್ ಜೊತೆಗೆ ಕಳಿಸುತ್ತೇವಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಳಿಸುತ್ತಾರೆ, ನಿಜ. ಆದರೆ ಈಗ ಒಂದು ಭಾಗಕ್ಕೆ ಇಬ್ಬರು ಯಜಮಾನರಾದರು. ಮಾದರಿ ನಾಲ್ಕನೆಯ ತಿದ್ದುಪಡಿಯಲ್ಲಿರುತ್ತದೆ, ಡ್ರಾಯಿಂಗ್ ಇನ್ನೂ ಮೂರರಲ್ಲಿ. ಡ್ರಾಯಿಂಗಿನ ಮೂಲೆಯಲ್ಲಿ ‘ಕಾಣಿಸದ ಅಳತೆಗಳಿಗೆ ಮಾದರಿ ನೋಡಿ’ ಎಂದು ಬರೆದಿರುತ್ತದೆ. ಮಾದರಿಯಲ್ಲಿ ನೋಡಿದರೆ ಟಾಲರೆನ್ಸ್ ಇಲ್ಲ. ಪ್ರೋಗ್ರಾಮರ್ ಒಂದು ಕಣ್ಣು ಪಿಡಿಎಫ್ ಮೇಲೆ, ಇನ್ನೊಂದು ಕಣ್ಣು ಮಾದರಿಯ ಮೇಲೆ ಇಟ್ಟು, ಒಂದೊಂದೇ ತೂತಿಗೆ ಮತ್ತೆ ಎಂ8, ಎಚ್7 ಎಂದು ಕೈಯಿಂದ ತುಂಬುತ್ತಾನೆ. ಆಫೀಸಿನಲ್ಲಿ ಒಮ್ಮೆ ತುಂಬಿದ್ದನ್ನೇ ಮತ್ತೆ ತುಂಬುವುದು. ಎಲ್ಲಾದರೂ ಒಂದು ತಪ್ಪಿದರೆ ಜಾಬ್ ರಿಜೆಕ್ಟ್, ಮಟೀರಿಯಲ್ ಹಣ ಅವನ ಮಾಲೀಕನದು. ಗಿರಾಕಿಯ ಪತ್ರದಲ್ಲಿ ‘ಸಪ್ಲೈಯರ್ ಎರರ್’ ಎಂದು ದಾಖಲಾಗುತ್ತದೆ.

ದೊಡ್ಡವರ ಮನೆಯಲ್ಲಿ ಹೀಗಾದರೆ ಲೋಕಕ್ಕೆಲ್ಲ ಗೊತ್ತಾಗುತ್ತದೆ. ಏರ್‌ಬಸ್ ಎ380 ವಿಮಾನದ ವೈರಿಂಗ್ 2006ರಲ್ಲಿ ಜೋಡಣೆಗೆ ಬಂದಾಗ ಸರಿಹೊಂದಲಿಲ್ಲ. ಒಂದೊಂದು ವಿಮಾನದಲ್ಲೂ ಸುಮಾರು 530 ಕಿಲೋಮೀಟರ್ ವೈರು. ಹ್ಯಾಂಬರ್ಗಿನವರು ಕಟಿಯಾ ತಂತ್ರಾಂಶದ ನಾಲ್ಕನೆಯ ಆವೃತ್ತಿಯಲ್ಲಿ, ಟೂಲೂಸಿನವರು ಐದನೆಯದರಲ್ಲಿ ಕೆಲಸ ಮಾಡುತ್ತಿದ್ದರು. ಒಂದೇ ಕಂಪನಿ, ಒಂದೇ ತಂತ್ರಾಂಶದ ಎರಡು ಆವೃತ್ತಿ, ಆದರೂ ಅರ್ಥ ದಾಟಲಿಲ್ಲ. ವಿಮಾನ ವರ್ಷಗಟ್ಟಲೆ ತಡವಾಯಿತು, ಮೇಲಿನವರ ಕುರ್ಚಿಗಳೇ ಹೋದವು. ಬಾಲಾನಗರದಲ್ಲಿ ನಲವತ್ತು ಪೀಸು ಗುಜರಿಗೆ ಹೋದರೆ ಅದು ಯಾವ ಪತ್ರಿಕೆಗೂ ಸುದ್ದಿಯಲ್ಲ.

ತಂತ್ರಾಂಶ ಕಂಪನಿಗಳ ಪರ ವಾದಿಸುವವರ ಹತ್ತಿರ ಎರಡು ಗಟ್ಟಿ ಮಾತುಗಳಿವೆ. ಮೊದಲನೆಯದು ಗುಟ್ಟಿನದು: ಮರದಲ್ಲಿ ನಮ್ಮ ವಿನ್ಯಾಸದ ಬುದ್ಧಿಯೇ ಇದೆ, ಅದನ್ನು ಹೊರಗಿನವರಿಗೆ ಹೇಗೆ ಕೊಡುವುದು? ಎರಡನೆಯದು ತಾಂತ್ರಿಕ: ಒಂದು ತಂತ್ರಾಂಶದ ಮರವನ್ನು ಇನ್ನೊಂದರಲ್ಲಿ ನೆಡುವುದು ಸಾಧ್ಯವೇ ಇಲ್ಲ. ಎರಡನೆಯದರಲ್ಲಿ ಬಹಳಷ್ಟು ಸತ್ಯವಿದೆ. ಸಾಲಿಡ್‌ವರ್ಕ್ಸ್, ಎನ್‌ಎಕ್ಸ್, ಸಾಲಿಡ್ ಎಡ್ಜ್ ಮೂರರ ಹೊಟ್ಟೆಯಲ್ಲೂ ಇರುವುದು ಪ್ಯಾರಾಸಾಲಿಡ್ ಎಂಬ ಒಂದೇ ಜ್ಯಾಮಿತಿಯ ಎಂಜಿನ್. ಆದರೂ ಅವುಗಳ ನಡುವೆ ಆಕಾರ ದಾಟುತ್ತದೆ, ಮರ ದಾಟುವುದಿಲ್ಲ. ಯಾವ ಅಂಚನ್ನು ದುಂಡಾಗಿಸಬೇಕೆಂದು ನೆನಪಿಡಲು ಪ್ರತಿ ತಂತ್ರಾಂಶವೂ ಆ ಅಂಚಿಗೆ ತನ್ನದೇ ಒಂದು ಗುಪ್ತನಾಮ ಇಡುತ್ತದೆ. ಮೇಲೆ ಏನಾದರೂ ಬದಲಾದರೆ ನಾಮಗಳು ಅದಲುಬದಲಾಗಿ ಮರವೆಲ್ಲ ಕೆಂಪಾಗುವುದು ಈ ಕೆಲಸದಲ್ಲಿರುವ ಎಲ್ಲರ ದಿನನಿತ್ಯದ ಗೋಳು. ಉಚಿತ ತಂತ್ರಾಂಶವಾದ ಫ್ರೀಕ್ಯಾಡ್ ಈ ರೋಗಕ್ಕೆ ತಕ್ಕಮಟ್ಟಿನ ಮದ್ದು ಕಂಡುಕೊಂಡು ತನ್ನ 1.0 ಆವೃತ್ತಿ ಹೊರತರುವ ಹೊತ್ತಿಗೆ 2024ರ ನವೆಂಬರ್ ಬಂದಿತ್ತು.

ಮರ ಕಷ್ಟ, ಒಪ್ಪೋಣ. ಆದರೆ ಮರವನ್ನು ಕೇಳಿದವರು ಯಾರು? ಡಿಸೈನರ್ ಮೊದಲು ತಟ್ಟೆ ಮಾಡಿದರೋ ಪಕ್ಕೆ ಮಾಡಿದರೋ ಎಂಬುದು ವಿಎಂಸಿಯವನಿಗೆ ಕಟ್ಟಿಕೊಂಡು ಏನಾಗಬೇಕು? ಅವನಿಗೆ ಬೇಕಾದದ್ದು ಈ ಮೇಲ್ಮೈಯ ಟಾಲರೆನ್ಸ್ ಎಷ್ಟು, ಈ ತೂತು ಥ್ರೆಡ್ಡಿನದೇ, ಅಳತೆ ಯಾವ ಮುಖದಿಂದ ಹಿಡಿಯಬೇಕು ಎಂಬಷ್ಟೇ. ಇದರಲ್ಲಿ ಗುಟ್ಟು ಯಾವುದೂ ಇಲ್ಲ. ಅದನ್ನೆಲ್ಲ ಪಿಡಿಎಫ್‌ನಲ್ಲಿ ಅವರೇ ಕಳಿಸಿದ್ದಾರೆ. ಮಾಡುವವನಿಗೆ ಹೇಳಲೇಬೇಕಾದ್ದನ್ನು ಗುಟ್ಟು ಎನ್ನುವುದು ಹೇಗೆ? ‘ಮರ ಕೊಡಲಾಗದು’ ಎನ್ನುವವರು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತ, ಕೇಳಿದ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸುತ್ತಿದ್ದಾರೆ.

ಈ ನಡುವೆ ಹಿಂಜವಡಿ, ವೈಟ್‌ಫೀಲ್ಡ್, ಚೆನ್ನೈನ ಐಟಿ ದಾರಿಗಳಲ್ಲಿ ಇನ್ನೊಂದು ಬಗೆಯ ಸಂಬಳದ ಕೆಲಸ ಬೆಳೆದಿದೆ. ವಿದೇಶದ ಗಿರಾಕಿ ಒಂದು ತಂತ್ರಾಂಶ ಬಿಟ್ಟು ಇನ್ನೊಂದಕ್ಕೆ ಹಾರಿದಾಗ ಹಳೆಯ ಮಾದರಿಗಳನ್ನೆಲ್ಲ ಹೊಸದರಲ್ಲಿ ಫೀಚರ್ ಫೀಚರಾಗಿ ಮತ್ತೆ ಕಟ್ಟುವುದು. ಧಾರವಾಡದಲ್ಲೋ ದಾವಣಗೆರೆಯಲ್ಲೋ ಮೆಕ್ಯಾನಿಕಲ್ ಓದಿ ಬಂದ ಹುಡುಗ ಹುಡುಗಿಯರು ಬೇರೆಯವರು ಹತ್ತು ವರ್ಷದ ಹಿಂದೆ ಮಾಡಿದ ಭಾಗವನ್ನು ನೋಡಿ ನೋಡಿ ನಕಲಿಸುತ್ತಾರೆ. ಎಂಜಿನಿಯರಿಂಗ್ ಅನುಭವ ಎಂದು ಅದು ಅವರ ಬಯೋಡೇಟಾದಲ್ಲಿ ಸೇರುತ್ತದೆ. ಅದೇ ಭಾಗವನ್ನು ಒಂದು ಬಾರಿಯಾದರೂ ವೈಸಿನಲ್ಲಿ ಕಟ್ಟಿ ನೋಡುವ ಅವಕಾಶ ಅವರಿಗೆ ಬರುವುದಿಲ್ಲ.

ಕಾಲೇಜುಗಳ ಪಾಲೂ ಇದರಲ್ಲಿ ಕಡಿಮೆಯಿಲ್ಲ. ಕ್ಯಾಡ್ ಲ್ಯಾಬ್ ಎಂದರೆ ಪುಸ್ತಕದ ಚಿತ್ರ ನೋಡಿ ಅದೇ ಆಕಾರವನ್ನು ಪರದೆಯ ಮೇಲೆ ತರುವುದು, ಬಂದರೆ ಅಂಕ. ಹಳ್ಳದ ಒಳಮೂಲೆಯನ್ನು ಚೂಪಾಗಿ ಬಿಟ್ಟರೆ ಯಾರೂ ಅಂಕ ಕಳೆಯುವುದಿಲ್ಲ. ತಿರುಗುವ ಕಟರು ಚೂಪು ಮೂಲೆ ಮಾಡಲಾರದು, ಹತ್ತು ಮಿಲಿಮೀಟರಿನ ಎಂಡ್ ಮಿಲ್ ಮೂಲೆಯಲ್ಲಿ ಐದರ ತಿರುವು ಬಿಟ್ಟೇ ಬಿಡುತ್ತದೆ ಎಂಬ ಮಾತು ಎದುರಿನ ಕಟ್ಟಡದ ಮೆಷಿನ್ ಶಾಪಿನಲ್ಲಿ, ಬೇರೆ ಸೆಮಿಸ್ಟರಿನಲ್ಲಿ, ಬೇರೆ ಮೇಷ್ಟ್ರ ಬಾಯಲ್ಲಿ ಬರುತ್ತದೆ. ಎರಡೂ ಮಾತು ವಿದ್ಯಾರ್ಥಿಯ ತಲೆಯಲ್ಲಿ ಭೇಟಿಯಾಗುವುದು ಕೆಲಸಕ್ಕೆ ಸೇರಿದ ಮೇಲೆ, ಫೋನಿನಲ್ಲಿ: “ಸರ್, ಈ ಪಾಕೆಟ್‌ಗೆ ಮೂಲೆಯಲ್ಲಿ ಆರ್ ಎಷ್ಟು ಇಡ್ಲಿ?” ಕೇಳುವವನು ಐಟಿಐ ಓದಿದವನು, ಸರ್ ಎನಿಸಿಕೊಂಡವನು ಡಿಗ್ರಿಯವನು. ಮರಾಠಿಯಲ್ಲಿ ಕೇಳಲಿ, ತಮಿಳಿನಲ್ಲಿ ಕೇಳಲಿ, ‘ಆರ್’ ಎಲ್ಲ ಕಡೆಯೂ ಆರೇ. ಬಿಲ್ಲಿನಲ್ಲಿ ಕಾಣದ ಈ ಪಾಠದ ಮೇಲೆ ದೇಶದ ಎಷ್ಟೋ ಡಿಸೈನ್ ಆಫೀಸುಗಳು ನಿಂತಿವೆ.

ಉಪಾಯವೇನೂ ಆಕಾಶದಲ್ಲಿಲ್ಲ. ಸ್ಟೆಪ್ ಕುಟುಂಬದ ಎಪಿ242 ಎಂಬ ಮಾನದಂಡ 2014ರಲ್ಲೇ ಪ್ರಕಟವಾಗಿದೆ. ಅದರಲ್ಲಿ ಟಾಲರೆನ್ಸು, ಡೇಟಮ್ಮು ಆಯಾ ಮೇಲ್ಮೈಗೇ ಅಂಟಿಕೊಂಡು, ಯಂತ್ರ ಓದಬಲ್ಲ ರೂಪದಲ್ಲಿ ಹೋಗಬಲ್ಲವು; ಎಂ8 ಎಂಬುದು ಆ ತೂತಿಗೇ ಕಟ್ಟಿದ ಟಿಪ್ಪಣಿಯಾಗಿ ಹೋಗಬಲ್ಲದು. ಇಲ್ಲೂ ಒಂದು ಕಳ್ಳದಾರಿ ಇದೆ. ಅಳತೆಗಳನ್ನು ಬರೀ ಗೆರೆಗಳ ಚಿತ್ರವಾಗಿ ಮಾದರಿಯ ಸುತ್ತ ತೇಲಿಬಿಟ್ಟು ಎಪಿ242 ಎಂದು ಹೆಸರಿಟ್ಟು ಕಳಿಸುವವರಿದ್ದಾರೆ. ಕಣ್ಣಿಗೆ ಚೆಂದ, ತಂತ್ರಾಂಶದ ಪಾಲಿಗೆ ಅದು ರಂಗೋಲಿ. ವಿಮಾನ, ರಕ್ಷಣೆ, ರೈಲ್ವೆಯ ಸರ್ಕಾರಿ ಕಾರ್ಖಾನೆಗಳು ‘ಟಾಲರೆನ್ಸ್ ಯಂತ್ರ ಓದುವ ರೂಪದಲ್ಲೇ ಇರಬೇಕು’ ಎಂದು ತಮ್ಮ ಡಿಸೈನ್ ವಿಭಾಗಗಳಿಗೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಅವುಗಳನ್ನು ನಂಬಿಕೊಂಡ ನೂರಾರು ಶೆಡ್ಡುಗಳಿಗೆ ಅರ್ಧ ಕೆಲಸ ಹಗುರಾಗುತ್ತದೆ. ತಂತ್ರಾಂಶ ಕಂಪನಿಗಳು ಆಗದು ಎನ್ನುವಂತಿಲ್ಲ. ಆ ಸೌಲಭ್ಯವನ್ನು ದುಬಾರಿ ಪ್ಯಾಕೇಜಿನಲ್ಲಿ ಅವು ಈಗಾಗಲೇ ಮಾರುತ್ತಿವೆ.

ಸುತ್ತೋಲೆ ಬರುವವರೆಗೆ ಜಾಬ್ ವರ್ಕಿನವರು ಕೈಕಟ್ಟಿ ಕೂರಬೇಕಾಗಿಲ್ಲ. ಸ್ಟೆಪ್ ಎಂಬುದು ಬರೀ ಪಠ್ಯದ ಫೈಲು. ಯಾವ ಲೈಸೆನ್ಸೂ ಇಲ್ಲದೆ ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ತಲೆಯಲ್ಲೇ ‘ಫೈಲ್ ಸ್ಕೀಮಾ’ ಎಂಬ ಸಾಲಿರುತ್ತದೆ. ಅಲ್ಲಿ ‘ಕಾನ್ಫಿಗ್ ಕಂಟ್ರೋಲ್ ಡಿಸೈನ್’ ಎಂದಿದ್ದರೆ ಅದು 1994ರ ಕಾಲದ ಎಪಿ203. ‘ಆಟೊಮೋಟಿವ್ ಡಿಸೈನ್’ ಎಂದಿದ್ದರೆ ಎಪಿ214. ಎಪಿ242 ಎಂದೇ ಇದ್ದರೆ ಮುಂದೆ ‘ಪ್ಲಸ್ ಮೈನಸ್ ಟಾಲರೆನ್ಸ್’ ಎಂದು ಹುಡುಕಬೇಕು. ಒಂದೂ ಸಿಗದಿದ್ದರೆ ಬಂದಿರುವುದು ದಿಮ್ಮಿ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಇದನ್ನೆಲ್ಲ ಪಟ್ಟಿಮಾಡಿ ತೋರಿಸುವ ಸ್ಟೆಪ್ ಫೈಲ್ ಅನಲೈಜರ್ ಎಂಬ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತದೆ. ಹಾಗೆ ನೋಡಿಕೊಂಡ ಮೇಲೆ ಕೋಟೇಶನ್ನಿನಲ್ಲಿ ಎರಡು ದರ ಬರೆಯಬಹುದು: ಟಾಲರೆನ್ಸು, ಥ್ರೆಡ್ಡಿನ ಟಿಪ್ಪಣಿ ಎಲ್ಲವೂ ಮಾದರಿಯೊಳಗೇ ಇದ್ದರೆ ಒಂದು, ಪಿಡಿಎಫ್ ನೋಡಿ ಮತ್ತೆ ತುಂಬಬೇಕಾದರೆ ಇನ್ನೊಂದು. ವ್ಯತ್ಯಾಸದ ಎದುರಿಗೆ ‘ಮಾಹಿತಿ ಮರುತುಂಬುವ ವೆಚ್ಚ’ ಎಂದು ಬರೆದರೆ, ಪರ್ಚೇಸ್ ವಿಭಾಗದವರು ಮೊದಲ ಬಾರಿಗೆ ಡಿಸೈನ್ ವಿಭಾಗದ ಮೆಟ್ಟಿಲು ಹತ್ತಿ ಇದೇನೆಂದು ಕೇಳುತ್ತಾರೆ.